ಒಂದೇ ಕಾಯಿ, ಹನ್ನೊಂದು ಬಾಟಲಿ

ಹೋದ ವಾರ ಕೇಳುಗರೊಬ್ಬರು ಮೆಸೇಜ್ ಮಾಡಿದ್ರು: "ಆನ್‌ಲೈನ್‌ನಲ್ಲಿ ನೀಲಿ ಆರ್ಕಿಡ್ ಬೀಜ ತರಿಸಿದೀನಿ, ಕೊಕೊಪೀಟ್‌ಗೆ ಹಾಕಿ ತಿಂಗಳಾಯ್ತು, ಏನೂ ಬರ್ತಿಲ್ಲ." ಬರಲ್ಲ ಸರ್. ಪ್ಯಾಕೆಟ್‌ನಲ್ಲಿ ಎಣಿಸೋಕೆ ಆಗೋ ಕಾಳು ಇದ್ರೆ ಅದು ಆರ್ಕಿಡ್ಡೇ ಅಲ್ಲ. ಆರ್ಕಿಡ್ ಬೀಜ ಅಂದ್ರೆ ಧೂಳು. ಒಂದು ಕಾಯಲ್ಲಿ ಲಕ್ಷಗಟ್ಟಲೆ ಇರಬಹುದು.

ರಾಗಿ, ಶೇಂಗಾ ಬೀಜದೊಳಗೆ ಮೊಳಕೆಗೆ ಬೇಕಾದ ಬುತ್ತಿ ಇರುತ್ತೆ. ಆರ್ಕಿಡ್ ಬೀಜಕ್ಕೆ ಅದಿಲ್ಲ. ಮಲೆನಾಡಿನ ಮರಗಳ ಮೇಲೆ ಬರೋ ಸೀತಾಳೆ ದಂಡೆಗೂ ಮೊಳೆಯುವಾಗ ಉಣಿಸೋದು ಒಂದು ಶಿಲೀಂಧ್ರ. ಈ ನಂಟನ್ನ 1899ರಲ್ಲಿ ಪತ್ತೆ ಮಾಡಿದ್ದು ಫ್ರಾನ್ಸಿನ ನೋಯೆಲ್ ಬರ್ನಾರ್. 1922ರಲ್ಲಿ ಅಮೆರಿಕದ ಲೂಯಿಸ್ ನುಡ್ಸನ್, ಶಿಲೀಂಧ್ರ ಇಲ್ಲದೇ, ಸಕ್ಕರೆ ಬೆರೆಸಿದ ಅಗರ್ ಮೇಲೆ ಮೊಳಕೆ ಬರಿಸಿ ತೋರಿಸಿದ್ರು. ಅಗರ್ ಅಂದ್ರೆ ಕಿರಾಣಿ ಅಂಗಡೀಲಿ ಸಿಗೋ ಚೈನಾ ಗ್ರಾಸ್.

ಈಗ ನನ್ನ ಕಥೆ. ಹರಿಹರದಲ್ಲಿ ನಮ್ಮ ಅತ್ತೆ ಮನೇಲಿ ಒಂದು ಫೆಲನಾಪ್ಸಿಸ್ ಇತ್ತು. ಮಾವ ತೀರಿಕೊಳ್ಳೋ ಹಿಂದಿನ ವರ್ಷ ಬೆಂಗಳೂರಿಂದ ತಂದಿದ್ದು. ಬೇರು ಕೊಳೆತು, ಎರಡು ಎಲೆ, ಒಂದು ಹೂದಂಟು ಉಳಿದಿತ್ತು. ಟೂತ್‌ಪಿಕ್‌ನಲ್ಲಿ ಪರಾಗದ ಉಂಡೆ ಎತ್ತಿ ಪಕ್ಕದ ಹೂವಿಗೆ ಅಂಟಿಸಿದೆ. ಒಂದೇ ಕಾಯಿ ನಿಂತಿತು. ಸೊರಗಿದ ಗಿಡಕ್ಕೆ ಕಾಯಿ ಭಾರ ಅಂತ ಗೊತ್ತಿದ್ದೂ ಮಾಡಿದೆ. ಕಾಯಿ ಕಿತ್ತ ಮೂರು ವಾರಕ್ಕೆ ಗಿಡ ಹೋಯ್ತು. ಅತ್ತೆ ಏನೂ ಅನ್ನಲಿಲ್ಲ. ಬೈದಿದ್ರೇ ವಾಸಿ ಇತ್ತು.

ಕಾಯಿ ಕಿತ್ತಿದ್ದು ನಾಲ್ಕೂವರೆ ತಿಂಗಳಿಗೆ, ಹಸಿರಾಗಿದ್ದಾಗಲೇ. ಒಡೆಯದ ಕಾಯೊಳಗೆ ಬೂಷ್ಟಿನ ಕಣ ಹೊಕ್ಕಿರಲ್ಲ, ಹೊರಗಡೆ ಮಾತ್ರ ಬ್ಲೀಚ್‌ನಲ್ಲಿ ತೊಳೆದ್ರೆ ಸಾಕು. ಚೈನಾ ಗ್ರಾಸ್, ಸಕ್ಕರೆ, ಚೂರು ಗೊಬ್ಬರ ಹಾಕಿದ ಹನ್ನೊಂದು ಬಾಟಲಿಗಳನ್ನ ಅತ್ತೆಯ ಕುಕ್ಕರ್‌ನಲ್ಲಿ ಅರ್ಧ ಗಂಟೆ ಬೇಯಿಸಿದೆ. ಬಿಕಾಂ ತಲೆ ನೋಡಿ, ಲಕ್ಷ ಬೀಜ ಇಂಟು 300 ರೂಪಾಯಿ ಅಂತ ಲೆಕ್ಕಾನೂ ಆಯ್ತು.

ಆಮೇಲೆ ತಪ್ಪು ಮಾಡಿದೆ. ದಾವಣಗೆರೆಯ ನನ್ನ ರೂಮಲ್ಲಿ, ಏಪ್ರಿಲ್ ಸೆಕೆ, ಫ್ಯಾನ್ ಆಫ್ ಮಾಡದೇ ಬೀಜ ಹಾಕಿದೆ. ಸಕ್ಕರೆ ಅಂದ್ರೆ ಬೂಷ್ಟಿಗೂ ಹಬ್ಬ. ವಾರದೊಳಗೆ ಒಂಬತ್ತು ಬಾಟಲಿ ಕಪ್ಪು, ಬಿಳಿ, ಹಸಿರು ಹತ್ತಿ ಹಾಳಾದವು. ನೀವು ಮಾಡೋದಾದ್ರೆ ಫ್ಯಾನ್ ನಿಲ್ಲಿಸಿ, ಪಾರದರ್ಶಕ ಡಬ್ಬಕ್ಕೆ ಎರಡು ತೂತು ಕೊರೆದು, ಕೈ ಒಳಗಿಟ್ಟು ಕೆಲಸ ಮಾಡಿ.

ಉಳಿದ ಎರಡರಲ್ಲಿ ಎಂಟನೇ ವಾರ ಸಾಸಿವೆಗಿಂತ ಸಣ್ಣ ಹಸಿರು ಚುಕ್ಕೆ ಕಂಡವು. ಹೂವಿಗೆ ಇನ್ನೂ ಮೂರ್ನಾಲ್ಕು ವರ್ಷ, ಜಾಸ್ತಿನೂ ಆಗಬಹುದು. ಅದು ಹೈಬ್ರಿಡ್ ಗಿಡ, ಮಾವ ತಂದ ಬಣ್ಣವೇ ಬರುತ್ತೆ ಅನ್ನೋಕಾಗಲ್ಲ ಅಂತ ಅತ್ತೆಗೆ ಹೇಳಿದೆ. ಬಾಟಲಿನ ಕಿಟಕಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ್ರು.

"ಯಾವ ಬಣ್ಣನಾದ್ರೂ ಬರ್ಲಿ ಬಿಡೋ. ಒಂದು ಬಾಟ್ಲಿ ಇಲ್ಲೇ ಇಟ್ಟು ಹೋಗು. ಆ ಕುಕ್ಕರ್ ಮಾತ್ರ ವಾಪಸ್ ತಂದುಕೊಡು."