ಕೇಳಿದ್ದನ್ನೇ ಮತ್ತೆ ಕೇಳುವ ಸುಖ

ಕೊನೆಗೆ ದುರ್ಯೋಧನನ ತೊಡೆ ಮುರಿಯುತ್ತದೆ ಎಂಬುದು ನಮ್ಮ ನಾಡಿನಲ್ಲಿ ಯಾರಿಗೆ ತಾನೆ ತಿಳಿಯದು? ಆದರೂ ಚಿತ್ರದುರ್ಗ, ತುಮಕೂರು ಸೀಮೆಯ ಒಂದು ಹಳ್ಳಿಯಲ್ಲಿ ‘ಕುರುಕ್ಷೇತ್ರ’ ನಾಟಕವಿದೆಯೆಂದು ಗೊತ್ತಾದರೆ ಸಾಕು, ಸುತ್ತಣ ಊರುಗಳವರು ಕಂಬಳಿ ಹೊದ್ದು ಹೊರಟುಬಿಡುತ್ತಾರೆ. ಹೋದ ವರ್ಷ ನೋಡಿದ್ದಾರೆ, ಅದರ ಹಿಂದಿನ ವರ್ಷವೂ ನೋಡಿದ್ದಾರೆ. ಪದ್ಯಗಳು ಬಾಯಿಗೆ ಬರುತ್ತವೆ. ಹಾಗಿದ್ದರೂ ರಾತ್ರಿ ಒಂಬತ್ತಕ್ಕೆ ಕುಳಿತವರು ಬೆಳಗಿನ ಕೋಳಿ ಕೂಗುವವರೆಗೆ ಏಳುವುದಿಲ್ಲ. ಇದರ ಗುಟ್ಟೇನು ಎಂಬುದನ್ನು ತಮ್ಮೊಡನೆ ಕೊಂಚ ವಿಚಾರಮಾಡಬೇಕೆಂದು ನನ್ನ ಆಸೆ.

ಹಿರಿಯೂರಿನ ಬಳಿ, ಹೆದ್ದಾರಿಯ ಮೇಲೆ, ಆದಿವಾಲ ಎಂಬ ಊರಿದೆ. ಬೆಂಗಳೂರಿನಿಂದ ಚಿತ್ರದುರ್ಗದ ಕಡೆಗೆ ಹೋಗುವವರು ಅದನ್ನು ಕಣ್ಣು ಮಿಟುಕಿಸುವುದರೊಳಗೆ ದಾಟಿಬಿಡುತ್ತಾರೆ. ಇಂಥ ಊರುಗಳ ಸಾಲೇ ಈ ನಾಟಕಗಳ ಸೀಮೆ. ಇಲ್ಲಿ ನಟರೆಂದರೆ ಬೇರೆಯವರಲ್ಲ; ಹೊಲ ಉಳುವವರು, ಅಂಗಡಿ ಇಟ್ಟವರು, ಶಾಲೆಯ ಮೇಷ್ಟ್ರು. ಸಂಬಳ ಪಡೆದು ಪಾತ್ರ ಮಾಡುವವರಲ್ಲ ಇವರು, ಕೈಯಿಂದ ಹಣ ಹಾಕಿ ಪಾತ್ರ ಹಿಡಿಯುವವರು. ಕೃಷ್ಣ, ದುರ್ಯೋಧನರಂಥ ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ದೂತನ ಪಾತ್ರಕ್ಕೆ ಚಿಕ್ಕದು. ಆ ಹಣದಲ್ಲೇ ಸೀನರಿಯ ಬಾಡಿಗೆ, ದೀಪದ ಖರ್ಚು, ಸ್ತ್ರೀ ಪಾತ್ರಕ್ಕೆ ಬರುವ ಕಲಾವಿದೆಯರ ಸಂಭಾವನೆ, ಕೊನೆಗೆ ಹಾರ್ಮೋನಿಯಂ ಮೇಷ್ಟ್ರ ಗೌರವಧನ. ಮೇಷ್ಟ್ರು ತಿಂಗಳುಗಟ್ಟಲೆ ಸಂಜೆ ಹೊತ್ತು ಬಂದು, ಓದು ಬಾರದವನಿಗೂ ಪದ್ಯವನ್ನು ಬಾಯಿಪಾಠ ಮಾಡಿಸಿ, ರಾಗಕ್ಕೆ ಕೂಡಿಸಿ ಹೋಗುತ್ತಾರೆ.

ಈ ರುಚಿ ಹಳ್ಳಿಗೆ ಬಂದದ್ದು ವೃತ್ತಿ ನಾಟಕ ಕಂಪನಿಗಳಿಂದ. ಅವುಗಳಲ್ಲಿ ಹಿರಿದು ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ. 1884ರಲ್ಲಿ ಹುಟ್ಟಿದ ಈ ಕಂಪನಿಯನ್ನು ಮುಂದೆ ಗುಬ್ಬಿ ವೀರಣ್ಣನವರು ಮನೆಮಾತು ಮಾಡಿದರು. ಅವರ ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ನಿಜವಾದ ಆನೆ ಕುದುರೆಗಳೇ ಬರುತ್ತಿದ್ದುವು. ಆದರೆ ಆನೆಯನ್ನು ನೋಡಲು ಒಂದು ಸಲ ಹೋದರೆ ಸಾಕಲ್ಲವೆ? ಮತ್ತೆ ಮತ್ತೆ ಹೋದವರು ಹೋದದ್ದು ಹಾಡಿಗೆ. ಹಾಡು ಹಿಡಿಸಿತೋ, ‘ಒನ್ಸ್ ಮೋರ್’ ಎಂಬ ಕೂಗು ಏಳುತ್ತಿತ್ತು. ಸತ್ತು ಬಿದ್ದಿದ್ದ ಪಾತ್ರಧಾರಿ ಎದ್ದು ನಿಂತು ಮತ್ತೊಮ್ಮೆ ಹಾಡಿ, ಮತ್ತೊಮ್ಮೆ ಸತ್ತ ಕತೆಗಳನ್ನು ಹಿರಿಯರು ಇಂದಿಗೂ ನಗುತ್ತಾ ಹೇಳುತ್ತಾರೆ. ವೀರಣ್ಣನವರು 1972ರಲ್ಲಿ ತೀರಿಕೊಂಡರು. ಕಂಪನಿಗಳ ಡೇರೆಗಳು ಒಂದೊಂದಾಗಿ ಕಿತ್ತವು. ಅವರು ಬಿತ್ತಿದ ಹಾಡು ಮಾತ್ರ ಹಳ್ಳಿಯ ನೆಲದಲ್ಲಿ ಬೇರೂರಿ ನಿಂತಿತು.

ಈಗ ಕೇಳುವವನ ಕಡೆಗೆ ಬರೋಣ. ಪದ್ಯ ಗೊತ್ತು, ಕತೆ ಗೊತ್ತು. ಇನ್ನು ಕೇಳಲು ಉಳಿದಿರುವುದೇನು? ಉಳಿದಿರುವುದೇ ಮುಖ್ಯವಾದದ್ದು. ಕಂದಪದ್ಯ, ಸೀಸಪದ್ಯಗಳನ್ನು ತಾಳದ ಕಟ್ಟಿಲ್ಲದೆ ಹಾಡುತ್ತಾರೆ. ಒಂದು ಮಾತಿನ ಮೇಲೆ ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಎಂಬುದು ಆ ಹೊತ್ತಿಗೆ ಆ ಗಾಯಕನ ಎದೆಗೆ ಬಿಟ್ಟದ್ದು. ಅವನು ಎಲ್ಲಿಗೆ ಹೋದರೂ ಮೇಷ್ಟ್ರ ಬೆರಳು ಹಿಂದೆಯೇ ಹೋಗಬೇಕು. ಕೆಲವೊಮ್ಮೆ ಮೇಷ್ಟ್ರೇ ಒಂದು ಸ್ವರವನ್ನು ಮುಂದೆ ಒಡ್ಡಿ, ‘ಬಾ ನೋಡೋಣ’ ಎಂಬಂತೆ ಕರೆಯುತ್ತಾರೆ. ಕತೆ ಗೊತ್ತಿಲ್ಲದವನು ಕತೆಯ ಹಿಂದೆ ಓಡುತ್ತಾನೆ. ಕತೆ ಗೊತ್ತಿದ್ದವನ ಕಿವಿಗೆ ಬಿಡುವಿರುತ್ತದೆ. ಈ ಸರಸವನ್ನೆಲ್ಲ ಕೇಳಬಲ್ಲವನು ಅವನೇ.

ಇನ್ನೊಂದು ಮಾತಿದೆ. ಹೀಗೆ ಹಾಡುವವನು ಸೋಲಲೂಬಹುದು. ಏರಿದ ಸ್ವರದಿಂದ ಇಳಿಯಲು ದಾರಿ ತಪ್ಪಬಹುದು, ಕಂಠ ಕೈಕೊಡಬಹುದು. ಅದು ಸಭೆಗೆಲ್ಲ ಗೊತ್ತು. ಅದಕ್ಕೇ ಅವನು ಏರುವಾಗ ಎಲ್ಲರೂ ಉಸಿರು ಹಿಡಿಯುತ್ತಾರೆ. ನೆಟ್ಟಗೆ ಇಳಿದು ಬಂದಾಗ ಶಿಳ್ಳೆ ಹೊಡೆಯುತ್ತಾರೆ, ವೇದಿಕೆಗೆ ಹೋಗಿ ಹಾರ ಹಾಕಿ ನೋಟು ಕೊಡುತ್ತಾರೆ. ಅಪಾಯವಿಲ್ಲದ ಕಡೆ ಈ ಸಂತೋಷವೂ ಇಲ್ಲ.

ಇದು ನಮ್ಮ ಹಳ್ಳಿಯವರ ಮರುಳು ಮಾತ್ರವೆ? ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1965ರಲ್ಲಿ ‘ಗ್ರೇಟ್‌ಫುಲ್ ಡೆಡ್’ ಎಂಬ ವಾದ್ಯತಂಡ ಹುಟ್ಟಿತು. ಅದರ ನಾಯಕಮಣಿ ಜೆರಿ ಗಾರ್ಸಿಯ 1995ರಲ್ಲಿ ತೀರಿಕೊಳ್ಳುವವರೆಗೆ, ಮೂವತ್ತು ವರ್ಷಗಳಲ್ಲಿ, ಸುಮಾರು 2,300 ಕಚೇರಿಗಳನ್ನು ಅದು ನಡೆಸಿತು. ಯಾವ ರಾತ್ರಿ ಯಾವ ಹಾಡು ಎಂಬುದು ಮೊದಲೇ ಗೊತ್ತಿರುತ್ತಿರಲಿಲ್ಲ. ಒಂದು ಹಾಡನ್ನು ಹಿಡಿದರೆ ಗಿಟಾರು, ಮದ್ದಳೆಗಳು ಒಂದನ್ನೊಂದು ಕೇಳುತ್ತಾ ಎಲ್ಲಿಗೋ ಹೋಗಿ, ಅರ್ಧ ಗಂಟೆಯ ಮೇಲೆ ಮನೆಗೆ ಮರಳುವುದೂ ಉಂಟು. ಅದರ ಭಕ್ತರು ಊರಿಂದೂರಿಗೆ ತಂಡದ ಹಿಂದೆ ಹೋಗುತ್ತಿದ್ದರು. ಯಾವ ವರ್ಷ ಯಾವ ಊರಿನಲ್ಲಿ ಯಾವ ಹಾಡು ಹೇಗೆ ಬಂತೆಂದು ವಾದ ಹೂಡುತ್ತಿದ್ದರು. ನಮ್ಮ ಸೀಮೆಯ ಜಗಲಿಗಳ ಮೇಲೆ ಎರಡು ಊರಿನ ದುರ್ಯೋಧನರನ್ನು ತೂಗುವುದಿಲ್ಲವೆ, ಹಾಗೆಯೇ.

ಆ ತಂಡದ ಮದ್ದಳೆಗಾರ ಮಿಕ್ಕಿ ಹಾರ್ಟ್ ನಮ್ಮ ಲಯವನ್ನು ಪ್ರೀತಿಸಿದವನು. ತಬಲಾದ ಜಾಕೀರ್ ಹುಸೇನ್, ಘಟದ ವಿನಾಯಕರಾಂ ಅವರೊಡನೆ ಕೂಡಿ 1991ರಲ್ಲಿ ‘ಪ್ಲಾನೆಟ್ ಡ್ರಮ್’ ಎಂಬ ಧ್ವನಿಮುದ್ರಿಕೆಯನ್ನೇ ತಂದನು. ರಾಗ ಬೇರೆಯಾದರೂ, ಆ ಹೊತ್ತಿನಲ್ಲೇ ಹುಟ್ಟುವ ಸಂಗೀತದ ಕುಲ ಒಂದೇ ಎನ್ನಬೇಕು.

ಈ ತಂಡದಿಂದ ನಾವು ಕಲಿಯಬೇಕಾದದ್ದು ಒಂದಿದೆ. ತಮ್ಮ ಕಚೇರಿಯನ್ನು ಕೇಳುಗರು ಮುದ್ರಿಸಿಕೊಳ್ಳುವುದನ್ನು ಅವರು ತಡೆಯಲಿಲ್ಲ. 1984ರಲ್ಲಿ ಅದಕ್ಕಾಗಿ ಬೇರೆ ಜಾಗವನ್ನೇ ಕೊಟ್ಟರು. ಹಂಚಿಕೊಳ್ಳಿ, ಮಾರಬೇಡಿ ಎಂಬುದೊಂದೇ ಕಟ್ಟಳೆ. ಟೇಪು ಕೇಳಿದವನು ಮನೆಯಲ್ಲೇ ಉಳಿದನೆ? ಇಲ್ಲ. ನಿನ್ನೆಯದು ಹೀಗಿದ್ದರೆ ನಾಳೆಯದು ಹೇಗಿದ್ದೀತೋ ಎಂದು ಹೊರಟು ಬಂದನು.

ಇಂದು ನಮ್ಮ ಹಳ್ಳಿಯ ನಾಟಕಗಳೂ ಮೊಬೈಲಿನಲ್ಲಿ ಮುದ್ರಣವಾಗುತ್ತಿವೆ. ಅದನ್ನು ಕಂಡು ಕೊರಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮುದ್ರಣ ನಾಟಕವನ್ನು ಕೊಲ್ಲದು. ಅಷ್ಟರಿಂದಲೇ ತೃಪ್ತಿಪಡುವ ಕೇಳುಗನಿಂದ ಅದು ಸೊರಗೀತು. ಐದು ನಿಮಿಷದ ತುಣುಕಿನಲ್ಲಿ ಏರಿದ ಸ್ವರ ಸಿಕ್ಕುತ್ತದೆ. ಅದಕ್ಕೆ ಮುಂಚಿನ ಕಾಯುವಿಕೆ ಸಿಕ್ಕುವುದಿಲ್ಲ. ಕಾಯಲು ಬಲ್ಲ ಸಭೆ ಇಲ್ಲವಾದರೆ ಗಾಯಕನೂ ಸಾಹಸ ಮಾಡಲಾರ. ತುಣುಕಿಗೆ ತಕ್ಕಂತೆ, ಕಳೆದ ಸಲ ಶಿಳ್ಳೆ ಗಿಟ್ಟಿಸಿದ ಜಾಗವನ್ನೇ ಮತ್ತೆ ಒಪ್ಪಿಸಿ ಇಳಿಯುತ್ತಾನೆ. ಆಗ ಕೇಳಿದ್ದನ್ನೇ ಕೇಳುವುದು ನಿಜವಾಗಿಯೂ ಬೇಸರವಾದೀತು. ಮೇಷ್ಟ್ರ ಕಸುಬೂ ಅಲ್ಲಿಗೆ ಮುಗಿದೀತು.

ಬಾನುಲಿಯ ಮನೆಯಲ್ಲಿ ನಿಂತು ಇನ್ನೊಂದು ಮಾತನ್ನು ಆಡಲೇಬೇಕು. ಹಾರ್ಮೋನಿಯಮ್ಮಿನ ಮನೆಗಳು ನಮ್ಮ ಗಮಕವನ್ನು ನುಡಿಸಲಾರವೆಂದು 1940ರಲ್ಲಿ ಅದಕ್ಕೆ ಆಕಾಶವಾಣಿಯ ಬಾಗಿಲು ಮುಚ್ಚಿತು. 1970ರ ದಶಕದಲ್ಲಿ ಆ ನಿಷೇಧ ಸಡಿಲವಾಯಿತು. ಪಂಡಿತರ ಆಕ್ಷೇಪದಲ್ಲಿ ಸತ್ಯವಿಲ್ಲವೆನ್ನಲಾಗದು. ಆದರೆ ಪೆಟ್ಟಿಗೆಯಲ್ಲಿ ಇಲ್ಲದ ಗಮಕವನ್ನು ರೈತನ ಕಂಠ ತುಂಬಿಕೊಟ್ಟಿತು. ಕಂಠಕ್ಕೆ ಬೇಕಾದ ಆಸರೆಯನ್ನು ಪೆಟ್ಟಿಗೆ ಕೊಟ್ಟಿತು. ಬಾಗಿಲು ಮುಚ್ಚಿದ್ದ ಅಷ್ಟು ವರ್ಷವೂ ಆ ವಾದ್ಯವನ್ನು ಹಳ್ಳಿಯ ಅಭಿಮಾನಿಗಳು ಕೈಬಿಡಲಿಲ್ಲ.

ಅಭಿಮಾನದಲ್ಲಿ ಕುರುಡೂ ಉಂಟು, ನಿಜ. ಹಳೆಯ ದುರ್ಯೋಧನನ ಹಾಗೆಯೇ ಹೊಸಬನೂ ಹಾಡಬೇಕೆಂದು ಹಟ ಹಿಡಿದರೆ ಹೊಸಬ ಬೆಳೆಯುವುದಿಲ್ಲ. ಒಳ್ಳೆಯ ಅಭಿಮಾನಿ ಹಳೆಯದನ್ನು ನೆನೆಯುತ್ತಾನೆ, ಹೊಸದಕ್ಕೆ ಕಿವಿ ತೆರೆದಿರುತ್ತಾನೆ. ಅಂಥವರು ಹತ್ತು ಮಂದಿ ಮುಂದಿನ ಸಾಲಿನಲ್ಲಿದ್ದರೆ ನಟನಿಗೆ ನೂರು ಹಾರ್ಮೋನಿಯಮ್ಮಿನ ಬಲ.

ಪಟ್ಟಣದಲ್ಲಿರುವ ತಾವು ಈ ಸುಗ್ಗಿ ಕಳೆದ ಮೇಲೆ, ಹಳ್ಳಿಯ ನೆಂಟರು ನಾಟಕಕ್ಕೆ ಕರೆದರೆ, ‘ನೋಡಿದ್ದೇನಲ್ಲಾ’ ಎನ್ನಬೇಡಿ. ಒಂದು ಹೊದಿಕೆ, ಮಕ್ಕಳಿಗೆ ಒಂದಿಷ್ಟು ಪುರಿ ಖಾರ ಕಟ್ಟಿಕೊಂಡು ಹೋಗಿ. ನಡುರಾತ್ರಿ ದಾಟುವವರೆಗಾದರೂ ಕುಳಿತಿರಿ. ಒಳ್ಳೆಯ ಪದ್ಯಗಳು ಸಾಮಾನ್ಯವಾಗಿ ಆಮೇಲೆಯೇ ಬರುತ್ತವೆ.