ಆಟದ ಮೈದಾನವೂ ಆರೋಗ್ಯ ಕೇಂದ್ರವೇ

ಇಂದು ಪದವಿ ಪಡೆಯುತ್ತಿರುವ ವೈದ್ಯರೇ, ನರ್ಸಿಂಗ್ ಮತ್ತು ಫಿಸಿಯೋಥೆರಪಿ ಪದವೀಧರರೇ,

ನಿಮ್ಮಂತೆಯೇ ಪದವಿ ಪಡೆದ ಕೆಲವು ಹೆಣ್ಣುಮಕ್ಕಳ ವಿಷಯ ಹೇಳುತ್ತೇನೆ. ಹಾರ್ವರ್ಡ್‌ನ ವಿಜ್ಞಾನಿ ರೋಸ್ ಫ್ರಿಶ್ ಮತ್ತು ಸಂಗಡಿಗರು ಅಮೆರಿಕದ ಕಾಲೇಜುಗಳ 5,398 ಹಳೆಯ ವಿದ್ಯಾರ್ಥಿನಿಯರ ಆರೋಗ್ಯವನ್ನು ಪರಿಶೀಲಿಸಿ 1985ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ಅರ್ಧದಷ್ಟು ಮಂದಿ ಓದುವಾಗ ಕಾಲೇಜು ತಂಡಗಳಲ್ಲಿ ಆಡಿದವರು. ವಯಸ್ಸು, ಮನೆತನದ ಕ್ಯಾನ್ಸರ್ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಆಡದವರಲ್ಲಿ ಸ್ತನ ಕ್ಯಾನ್ಸರಿನ ಅಪಾಯ ಆಡಿದವರಲ್ಲಿದ್ದ ಅಪಾಯದ 1.86 ಪಟ್ಟು ಇತ್ತು. ಹರೆಯದಲ್ಲಿ ಓಡಿದ ಓಟ ನಡುವಯಸ್ಸಿನಲ್ಲಿ ಕಾಪಾಡುತ್ತದೆ ಎಂಬ ಸುಳಿವು ಅಲ್ಲಿ ಸಿಕ್ಕಿತು.

ಆಮೇಲೆ ನಾರ್ವೆಯಲ್ಲಿ 25,624 ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಲಾಯಿತು. ಬಿಡುವಿನಲ್ಲಿ ನಿಯಮಿತವಾಗಿ ವ್ಯಾಯಾಮ ಮಾಡುತ್ತಿದ್ದವರಲ್ಲಿ ಅಪಾಯ ಶೇಕಡಾ 37ರಷ್ಟು ಕಡಿಮೆ ಎಂದು 1997ರಲ್ಲಿ ವರದಿಯಾಯಿತು. ದುಡಿಮೆಯಲ್ಲೇ ನಡೆದು, ಭಾರ ಎತ್ತುವವರಲ್ಲೂ ಅಪಾಯ ಕಡಿಮೆ ಇತ್ತು. ಹೊಲದಲ್ಲಿ ಬಗ್ಗಿ ಕಳೆ ಕೀಳುವ ನಮ್ಮ ತಾಯಂದಿರ ದುಡಿಮೆಯನ್ನು ವ್ಯಾಯಾಮವಲ್ಲವೆಂದು ತಳ್ಳಿಹಾಕಬೇಡಿ.

ಕಾರಣಗಳು ನಿಮಗೆ ತಿಳಿದವೇ. ಮುಟ್ಟು ನಿಂತ ಮೇಲೆ, ಈ ಕ್ಯಾನ್ಸರಿಗೆ ಇಂಬು ಕೊಡುವ ಈಸ್ಟ್ರೊಜೆನ್ ಹಾರ್ಮೋನು ಮುಖ್ಯವಾಗಿ ತಯಾರಾಗುವುದು ಕೊಬ್ಬಿನ ಅಂಗಾಂಶದಲ್ಲಿ. ವ್ಯಾಯಾಮ ಆ ಕೊಬ್ಬನ್ನು ಇಳಿಸುತ್ತದೆ, ರಕ್ತದಲ್ಲಿ ಇನ್ಸುಲಿನ್ ಏರದಂತೆ ನೋಡಿಕೊಳ್ಳುತ್ತದೆ, ಒಳಗೊಳಗೇ ಹೊಗೆಯಾಡುವ ಉರಿಯೂತವನ್ನು ತಗ್ಗಿಸುತ್ತದೆ.

ಆದರೆ ಅಳತೆ ಮೀರಿ ಭರವಸೆ ಕೊಡಬೇಡಿ. ಇವೆಲ್ಲ ಜನರ ಬದುಕನ್ನು ಗಮನಿಸಿ ಕಂಡುಕೊಂಡ ಸಂಗತಿಗಳು. 14 ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆಯಲ್ಲಿ ಸ್ತನ ಕ್ಯಾನ್ಸರಿನ ಅಪಾಯ ತಗ್ಗಿದ್ದು ಸುಮಾರು ಶೇಕಡಾ 10ರಷ್ಟು ಮಾತ್ರ. ಇಷ್ಟು ಸಾಮಾನ್ಯವಾದ ಕಾಯಿಲೆಯಲ್ಲಿ ಅದೂ ಸಣ್ಣದಲ್ಲ, ಆದರೂ ಅದು ರಕ್ಷಾಕವಚವಲ್ಲ. ದಿನವೂ ಓಡುವವಳಿಗೂ ಈ ಕಾಯಿಲೆ ಬರಬಹುದು. ಕಾಯಿಲೆ ಬಂದವಳ ಮುಂದೆ ಕುಳಿತು, "ನೀವು ನಡೆಯುತ್ತಿರಲಿಲ್ಲ, ಅದಕ್ಕೇ ಬಂತು" ಎಂದು ಯಾವ ಬಾಯಿಂದಲೂ ಹೇಳಬಾರದು. ಅದು ವಿಜ್ಞಾನವೂ ಅಲ್ಲ, ಕರುಣೆಯೂ ಅಲ್ಲ.

ನನ್ನ ಚಿಂತೆ ಇರುವುದು ಬೇರೆ ಕಡೆ. ವಾರಕ್ಕೆ ಕನಿಷ್ಠ 150 ನಿಮಿಷ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ 150 ನಿಮಿಷವನ್ನು ನಮ್ಮ ಹೆಣ್ಣುಮಕ್ಕಳು ಎಲ್ಲಿಂದ ತರಬೇಕು? ಮೈನೆರೆದ ವರ್ಷವೇ ಎಷ್ಟೋ ಹುಡುಗಿಯರು ಖೋ ಖೋ ಬಿಡುತ್ತಾರೆ. ಸಂಜೆ ಮೈದಾನದಲ್ಲಿ ಹುಡುಗರೇ ತುಂಬಿರುತ್ತಾರೆ, ಹಾಸ್ಟೆಲ್ ಬಾಗಿಲು ಕತ್ತಲಾಗುವ ಮುನ್ನ ಮುಚ್ಚುತ್ತದೆ. ಮದುವೆಯಾದ ಮೇಲಂತೂ ತನಗೆಂದು ಅರ್ಧ ಗಂಟೆ ಕೇಳುವುದೇ ತಪ್ಪೆಂಬಂತೆ ಮನೆಯವರು ನೋಡುತ್ತಾರೆ. ಇದನ್ನು ಸೋಮಾರಿತನವೆನ್ನುವುದು ಅನ್ಯಾಯ.

ನೀವು ಹೋಗುವ ಊರಿನ ಶಾಲಾ ಸಮಿತಿಯ ಜೊತೆ ಮಾತಾಡಿ, ಮೈದಾನದಲ್ಲಿ ಹುಡುಗಿಯರಿಗೆ ಪಾಲು ಕೇಳಿ. ಔಷಧಿ ಚೀಟಿಯಲ್ಲಿ ನಡಿಗೆಯನ್ನೂ ಬರೆಯಿರಿ, ಗಂಡನನ್ನೂ ಅತ್ತೆಯನ್ನೂ ಎದುರಿಗೆ ಕೂರಿಸಿಕೊಂಡು ಅದನ್ನು ಓದಿ ಹೇಳಿ. ಎದೆಯಲ್ಲಿ ಗಂಟು ಕೈಗೆ ಸಿಕ್ಕರೆ ನಾಚಿಕೆಯಿಂದ ಒಂದು ದಿನವೂ ಮುಚ್ಚಿಡದೆ ಬಂದು ತೋರಿಸುವಷ್ಟು ಸಲುಗೆಯನ್ನು ಹೆಣ್ಣುಮಕ್ಕಳಲ್ಲಿ ಬೆಳೆಸಿ.