ಖಾಲಿ ಬಿಟ್ಟ ದಿನ ಮಳೆ ಬಂದಿರಲಿಲ್ಲವೇ?

(ಮಳೆ ದಾಖಲಾತಿ ಕುರಿತ ಕಾರ್ಯಾಗಾರದಲ್ಲಿ ಗ್ರಾಮಸ್ಥರನ್ನೂ ವಿದ್ಯಾರ್ಥಿಗಳನ್ನೂ ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಮಳೆ ಅಳೆಯುವುದನ್ನು ನಿಮಗೆ ಕಲಿಸುವ ಉದ್ಧಟತನ ನನಗಿಲ್ಲ. ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ನೀರನ್ನು ಅಳೆದು, ಹಿಂದಿನ 24 ಗಂಟೆಗಳ ಮಳೆಯನ್ನು ಪುಸ್ತಕದಲ್ಲಿ ಬರೆದಿಡುವ ಶಿಸ್ತನ್ನು ನಿಮ್ಮಲ್ಲಿ ಅನೇಕರು ವರ್ಷಗಳಿಂದ ಪಾಲಿಸಿಕೊಂಡು ಬಂದಿದ್ದೀರಿ. ಆ ಅಂಕಿ ಪುಸ್ತಕದಿಂದ ಗಣಕಕ್ಕೆ ಹೋಗಿ, ಅಲ್ಲಿಂದ ಜಾಲಪುಟವಾಗಿ ಹೊರಬರುವಾಗ ಏನಾಗುತ್ತದೆ ಎಂಬುದಷ್ಟೇ ಇಂದಿನ ನನ್ನ ಮಾತು.

ಜಾಲಪುಟವೆಂದರೆ ಮೊದಲೇ ಅಚ್ಚಾದ ಹಾಳೆಯೆಂದು ಬಹಳ ಮಂದಿ ಭಾವಿಸಿದ್ದಾರೆ. ದಿನದಿನವೂ ಬದಲಾಗುವ ಮಳೆಯ ಲೆಕ್ಕದ ಪುಟ ಸಾಮಾನ್ಯವಾಗಿ ಹಾಗಿರುವುದಿಲ್ಲ. ನೀವು ಊರಿನ ಹೆಸರನ್ನು ಒತ್ತಿದ ಕ್ಷಣದಲ್ಲಿ ಅದು ಹುಟ್ಟುತ್ತದೆ. ಪಿಎಚ್‌ಪಿಯಂತಹ ಭಾಷೆಯಲ್ಲಿ ಬರೆದ ಸಣ್ಣ ಪ್ರೋಗ್ರಾಮೊಂದು ಡೇಟಾಬೇಸಿಗೆ ಪ್ರಶ್ನೆಯನ್ನು ಕಳಿಸಿ, ಬಂದ ಉತ್ತರವನ್ನು ಪುಟದಲ್ಲಿ ಜೋಡಿಸುತ್ತದೆ. ಮಾಹಿತಿಯನ್ನು ಕೋಷ್ಟಕಗಳ ರೂಪದಲ್ಲಿ ಕಾಣುವ ಸಿದ್ಧಾಂತವನ್ನು 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಮಂಡಿಸಿದರು. 1974ರಲ್ಲಿ ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಪ್ರಕಟಿಸಿದ ಪ್ರಶ್ನೆಯ ಭಾಷೆಯೇ ಮುಂದೆ ಎಸ್‌ಕ್ಯುಎಲ್ ಎನಿಸಿತು. ‘ಸೆಲೆಕ್ಟ್’ ಎಂದರೆ ಯಾವ ಅಂಕಣಗಳು ಬೇಕು, ‘ಫ್ರಮ್’ ಎಂದರೆ ಯಾವ ಕೋಷ್ಟಕದಿಂದ, ‘ವೇರ್’ ಎಂದರೆ ಯಾವ ಷರತ್ತಿಗೆ ಒಳಪಟ್ಟ ಸಾಲುಗಳು. ಪ್ರಶ್ನೆ ಏನನ್ನು ಕೇಳಿತೋ ಅದನ್ನಷ್ಟೇ ಪುಟ ಹೇಳುತ್ತದೆ.

ನಾನು ಇದನ್ನು ಅರಿತದ್ದು ಅವಮಾನಪಟ್ಟ ಮೇಲೆ. 2019ರ ಆಗಸ್ಟ್ ಮೊದಲ ವಾರಗಳ ಮಳೆ ನಿಮಗೆಲ್ಲ ನೆನಪಿದೆ. ಆಗ ನಾನು ಕೆಲವು ಊರುಗಳ ಮಳೆಪುಸ್ತಕಗಳಿಂದ ಇಂತಹ ಪುಟವೊಂದನ್ನು ಮಾಡಿದ್ದೆ. ಹಿರಿಯ ರೈತರೊಬ್ಬರು ಪರಿಹಾರದ ಅರ್ಜಿಗೆ ಲಗತ್ತಿಸಲೆಂದು ಅದನ್ನು ಅಚ್ಚುಮಾಡಿಸಿ, ನನ್ನ ಮುಂದೆ ಹಿಡಿದರು. “ತಮ್ಮಾ, ಆ ದಿನ ನಮ್ಮೂರಲ್ಲಿ ಮಳೆ ಸೊನ್ನೆ ಅಂತ ಇದೆಯಲ್ಲ. ಹಾಗಾದ್ರೆ ನನ್ನ ಗದ್ದೆ ಮೇಲೆ ಕೂತಿರೋ ಧರೆಯ ಮಣ್ಣು ಎಲ್ಲಿಂದ ಬಂತು?”

ಪುಸ್ತಕದಲ್ಲಿ ಆ ದಿನದ ಮನೆ ಖಾಲಿಯಿತ್ತು. ಕಾಲುಸಂಕ ಕೊಚ್ಚಿಹೋಗಿ, ಅಳೆಯುವವರು ಹಳ್ಳ ದಾಟಲಾಗಿರಲಿಲ್ಲ. ಡೇಟಾಬೇಸಿನಲ್ಲಿ ಇಂತಹ ಖಾಲಿಗೆ ‘ನಲ್’ ಎಂದು ಹೆಸರು. ನಲ್ ಸೊನ್ನೆಯಲ್ಲ, ‘ಗೊತ್ತಿಲ್ಲ’ ಎಂಬುದರ ಗುರುತು. ಪುಟ ಅಂದವಾಗಿ ಕಾಣಲೆಂದು ನಾನೇ ‘ಕೋಅಲೆಸ್’ ಎಂಬ ಪದ ಬಳಸಿ, ನಲ್ ಇದ್ದಲ್ಲಿ ಸೊನ್ನೆ ಕೊಡು ಎಂದು ಬರೆದಿದ್ದೆ. ಅಂದದ ಹುಚ್ಚು!

ಲೆಕ್ಕ ನೋಡಿ. ನಾಲ್ಕು ದಿನಗಳಲ್ಲಿ 120, 90, ಖಾಲಿ, 150 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಎಸ್‌ಕ್ಯುಎಲ್ ಸರಾಸರಿ ತೆಗೆಯುವಾಗ ನಲ್ ಅನ್ನು ಬಿಟ್ಟು ಮೂರು ದಿನಕ್ಕೆ ಭಾಗಿಸಿ 120 ಎನ್ನುತ್ತದೆ. ಸೊನ್ನೆ ತುಂಬಿದರೆ ಅದೇ 90ಕ್ಕೆ ಇಳಿಯುತ್ತದೆ. ಮೊತ್ತವಂತೂ ಎರಡೂ ಬಗೆಯಲ್ಲಿ 360. ಒಂದು ದಿನದ ಮಳೆ ಅದರಲ್ಲಿ ಸೇರಿಯೇ ಇಲ್ಲ ಎಂಬ ಸುಳಿವನ್ನೂ ಅದು ಕೊಡುವುದಿಲ್ಲ. ನಮ್ಮ ಬೆಟ್ಟದೂರುಗಳಲ್ಲಿ ಮನೆ ಖಾಲಿ ಉಳಿಯುವುದು ಹೆಚ್ಚಾಗಿ ಮಳೆ ವಿಪರೀತವಾದ ದಿನವೇ ಅಲ್ಲವೇ? ಆದ್ದರಿಂದ ಮೊತ್ತ ತಪ್ಪುವುದು ಸದಾ ಕಡಿಮೆಯ ಕಡೆಗೆ, ಅದೂ ಅತ್ಯಂತ ಅಗತ್ಯವಾದ ವಾರದಲ್ಲಿ.

ಹೀಗಾಗಿ ಮೊತ್ತದ ಜೊತೆಗೆ ಎಣಿಕೆಯನ್ನೂ ಕೇಳಬೇಕು. ‘ಕೌಂಟ್’ಗೆ ಮಳೆಯ ಅಂಕಣವನ್ನು ಕೊಟ್ಟರೆ ಅಂಕಿ ಇರುವ ಸಾಲುಗಳನ್ನು ಮಾತ್ರ ಎಣಿಸುತ್ತದೆ, ನಕ್ಷತ್ರ ಚಿಹ್ನೆ ಕೊಟ್ಟರೆ ಎಲ್ಲ ಸಾಲುಗಳನ್ನೂ. ಆಗ ಪುಟ ‘31 ದಿನಗಳಲ್ಲಿ 27 ದಿನಗಳ ಅಳತೆ’ ಎಂದು ಪ್ರಾಮಾಣಿಕವಾಗಿ ಹೇಳಬಲ್ಲದು.

ಆದರೆ ಆ ದಿನದ ಸಾಲನ್ನೇ ಗಣಕಕ್ಕೆ ಸೇರಿಸದಿದ್ದರೆ? ಇಲ್ಲದ ಸಾಲನ್ನು ಯಾವ ಎಣಿಕೆಯೂ ಹಿಡಿಯದು. ಊರುಗಳ ಪಟ್ಟಿಯನ್ನು ಅಳತೆಗಳ ಕೋಷ್ಟಕಕ್ಕೆ ಬರಿಯ ‘ಜಾಯಿನ್’ನಿಂದ ಹೊಂದಿಸಿದರೆ, ಅಳತೆ ಇಲ್ಲದ ಊರು ಸದ್ದಿಲ್ಲದೆ ಪುಟದಿಂದಲೇ ಮರೆಯಾಗುತ್ತದೆ. ಇದಕ್ಕೆಂದೇ ಪ್ರತಿ ಊರಿನ ಪ್ರತಿ ದಿನಾಂಕಕ್ಕೂ ಒಂದೊಂದು ಸಾಲಿರುವ ಕೋಷ್ಟಕವನ್ನು ಮೊದಲಿಟ್ಟು, ಅಳತೆಗಳನ್ನು ‘ಲೆಫ್ಟ್ ಜಾಯಿನ್’ನಿಂದ ಸೇರಿಸಬೇಕು. ವಿದ್ಯಾರ್ಥಿಗಳು ಒಂದು ಮಾತನ್ನು ಗುರುತು ಹಾಕಿಕೊಳ್ಳಿ: ಅಳತೆಯ ಕೋಷ್ಟಕದ ಮೇಲಿನ ಷರತ್ತನ್ನು ‘ವೇರ್’ನಲ್ಲಿ ಬರೆದರೆ ಖಾಲಿ ಸಾಲುಗಳು ಮತ್ತೆ ಉದುರುತ್ತವೆ, ಅದನ್ನು ‘ಆನ್’ನಲ್ಲಿಯೇ ಬರೆಯಬೇಕು. ನನಗೆ ಇದು ತಿಳಿಯಲು ಒಂದು ಇಡೀ ಭಾನುವಾರ ಬೇಕಾಯಿತು. ಹಾಗೆಯೇ, ಓದುಗರು ಟೈಪಿಸಿದ ಊರಿನ ಹೆಸರನ್ನು ನೇರವಾಗಿ ಪ್ರಶ್ನೆಯೊಳಗೆ ಅಂಟಿಸಬೇಡಿ. ಹೆಸರಿನ ಜಾಗದಲ್ಲಿ ಕಿಡಿಗೇಡಿಗಳು ಆಜ್ಞೆಯನ್ನೇ ಬರೆದು ಕೋಷ್ಟಕವನ್ನು ಅಳಿಸಿಬಿಡಬಲ್ಲರು. ಪ್ರಶ್ನೆಯನ್ನು ಮೊದಲೇ ಸಿದ್ಧಪಡಿಸಿ, ಹೆಸರನ್ನು ಪ್ರತ್ಯೇಕವಾಗಿ ಕಳಿಸುವ ಕ್ರಮವಿದೆ. ಮಧ್ಯಾಹ್ನ ಅದನ್ನು ಮಾಡಿಯೇ ತೋರಿಸುತ್ತೇನೆ.

ಇನ್ನೊಂದು ಸಂಗತಿ ಅಳೆಯುವವರಿಗೆ ಸಂಬಂಧಿಸಿದ್ದು. ಎರಡು ದಿನದ ನೀರನ್ನು ಒಟ್ಟಿಗೆ ಅಳೆದಾಗ ಅದನ್ನು ಒಂದೇ ದಿನದ ಮಳೆಯೆಂದು ಬರೆಯಬೇಡಿ. ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ ದಿನಕ್ಕೆ 204.5 ಮಿಲಿಮೀಟರ್ ಮತ್ತು ಅದಕ್ಕಿಂತ ಹೆಚ್ಚಿನದು ಅತಿ ವಿಪರೀತ ಮಳೆ; ಎರಡು ದಿನದ ಸಾಧಾರಣ ಜೋರುಮಳೆಯೂ ಕೂಡಿದರೆ ಆ ಗೆರೆ ದಾಟೀತು. ಕೋಷ್ಟಕದಲ್ಲಿ ‘ಎಷ್ಟು ದಿನದ ನೀರು’ ಎಂಬ ಅಂಕಣವನ್ನು ಈಗ ಸೇರಿಸಿದ್ದೇವೆ.

ಅದರ ಪಕ್ಕದಲ್ಲಿ ಷರಾ ಅಂಕಣವೂ ಇದೆ. ಆ ಹಿರಿಯರ ಊರಿನ ಪುಟದಲ್ಲಿ, ಮೊದಲು ಸೊನ್ನೆ ಇದ್ದಲ್ಲಿ, ಈಗ ‘ಅಳತೆ ಇಲ್ಲ, ಸಂಕ ಕೊಚ್ಚಿಹೋಗಿದೆ’ ಎಂದು ಕಾಣುತ್ತದೆ.